ಲೆನ್ಸಿಗೆ ಹಚ್ಚಿದ ವಿಭೂತಿ

ಡಿಜಿಟಲ್ ಕ್ಯಾಮೆರಾ ಬಂದ ಹೊಸತರಲ್ಲಿ ಮೈಸೂರಿನ ಬೀರುಗಳೆಲ್ಲ ಹಳೆಯ ರೀಲ್ ಕ್ಯಾಮೆರಾಗಳನ್ನು ಹೊರಗೆ ದಬ್ಬತೊಡಗಿದವು. ಅವೆಲ್ಲ ಹೇಗೋ ದಾರಿ ಕೇಳಿಕೊಂಡು ಯಾದವಗಿರಿಯ ನಮ್ಮ ಮನೆಗೆ ಬಂದು ಸೇರಿದವು. ನಾನು ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಲೆನ್ಸಿನ ಪಾಠ ಹೇಳುವವಳಿಗೆ ಲೆನ್ಸು ರಿಪೇರಿಯೂ ಬರುತ್ತದೆಂದು ನೆಂಟರು ನಂಬಿದರು. ಅವರಿಗಿಂತ ಮೊದಲು ನಾನೇ ನಂಬಿದ್ದೆ.

ರೇಷ್ಮೆ ಸೀರೆಗಳ ಕೆಳಗೆ, ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮಲಗಿದ ಲೆನ್ಸಿಗೆ ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ? ಬಿಚ್ಚುವುದು ಕಷ್ಟವಲ್ಲ, ಬಿಚ್ಚಿದ್ದನ್ನು ಅದೇ ಕ್ರಮದಲ್ಲಿ ಜೋಡಿಸುವುದು ಕಷ್ಟ. ಅದಕ್ಕೆ ನಾನು ಕಂಡುಕೊಂಡ ಉಪಾಯ ಇಡ್ಲಿ ತಟ್ಟೆ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಆಮೇಲೆ ಬಂದ ಗಾಜು ಪಕ್ಕದ ಗುಳಿಗೆ. ಆ ತಟ್ಟೆ ಮತ್ತೆ ಇಡ್ಲಿಯ ಮುಖ ನೋಡಲಿಲ್ಲ. "ನಮ್ಮನೆ ಊಟದ ಟೇಬಲ್ ಮೇಲೆ ಊಟ ಒಂದು ಬಿಟ್ಟು ಇನ್ನೆಲ್ಲಾ ಸಿಗುತ್ತೆ ಕಣ್ರೀ," ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ವರ್ಷ ಗೌರಿ ಹಬ್ಬ ಕಳೆದ ಮೇಲೆ ನನ್ನ ದೊಡ್ಡಮ್ಮ ದಟ್ಟಗಳ್ಳಿಯಿಂದ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ದೊಡ್ಡಪ್ಪನ ಕ್ಯಾಮೆರಾ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇದ್ದಷ್ಟು ಕಾಲ ಅವರು ಆಯುಧಪೂಜೆಯ ದಿನ ಕ್ಯಾಮೆರಾವನ್ನು ಪೂಜೆಗಿಟ್ಟು, ಪೂಜೆಯಾದ ಮೇಲಿನ ಮೊದಲ ಫೋಟೊ ದೊಡ್ಡಮ್ಮನದನ್ನೇ ತೆಗೆಯುತ್ತಿದ್ದರು. ಅವೆಲ್ಲ ಅವರ ನಡುಮನೆಯ ಗೋಡೆಯ ಮೇಲೆ ಸಾಲಾಗಿದ್ದವು. ಒಂದೊಂದರಲ್ಲೂ ದೊಡ್ಡಮ್ಮನ ಮುಖದ ಸುತ್ತ ಮೆತ್ತನೆಯ ಬೆಳಕು. ದೊಡ್ಡಪ್ಪ ತೀರಿಕೊಂಡ ವರ್ಷಕ್ಕೆ ಆ ಸಾಲು ನಿಂತಿತ್ತು.

"ಈ ಸಲ ನೀನು ತೆಗಿ ಕಣೆ, ಇದ್ರಲ್ಲೇ ತೆಗೀಬೇಕು. ಹಿಂಗೇ ಬುಟ್ರೆ ನಿಂತೇ ಹೋಗುತ್ತೆ. ಈ ಮುಂದಿನ ರಿಂಗು ಬಿಗ್ದೋಗ್ಬುಟ್ಟಿದೆ. ಅದೊಂದು ಬಿಡಿಸ್ಕೊಡು, ಸಾಕು."

ಸಾಕು ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಫೋಕಸ್ ಮಾಡುವ ಆ ರಿಂಗಿನೊಳಗಿನ ಗ್ರೀಸು ಒಣಗಿ ಗೋಂದಾಗಿತ್ತು. ಲೈಟರ್ ಪೆಟ್ರೋಲಿನಲ್ಲಿ ತೊಳೆದು ಹೊಸದನ್ನು ಸವರಿದೆ, ಸಲೀಸಾಗಿ ತಿರುಗಿತು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮುಂದಿನ ಗಾಜನ್ನು ಬೆಳಕಿಗೆ ಹಿಡಿದವಳೇ ಉರಿದುಬಿದ್ದೆ. ವಿಭೂತಿ! ಆ ಮಹಾನುಭಾವರು ವರ್ಷ ವರ್ಷವೂ ಗಾಜಿನ ಮೇಲೇ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು. ಸ್ಕೂಟರಿಗೆ ಎಳೆಯಲಿ, ಹೊಲಿಗೆ ಮಿಷಿನ್ನಿಗೆ ಎಳೆಯಲಿ, ಈಳಿಗೆಮಣೆಗೂ ಎಳೆಯಲಿ, ಯಾರು ಬೇಡ ಅಂದರು? ಲೆನ್ಸಿಗೆ ಯಾರಾದರೂ ಬೂದಿ ಉಜ್ಜುತ್ತಾರೆಯೇ? ಒರೆಸಿದ್ದರು ನಿಜ, ಅದೂ ಅರೆಬರೆ. ಅಂಚಿನಲ್ಲಿ ಬಿಳಿ ಗೆರೆ, ನಡುವೆಲ್ಲ ತೆಳ್ಳನೆಯ ಮಸುಕು.

ಒಂದು ಭಾನುವಾರವಿಡೀ ಕೂತೆ. ಗಾಳಿ ಊದಿ, ನೀರು ತೊಟ್ಟಿಕ್ಕಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಕೂಸಿನ ಕೆನ್ನೆ ಸವರುವ ಹಾಗೆ ಆಡಿಸಿದೆ. ಕಡೆಗೆ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ಚೊಕ್ಕಟವಾಯಿತು. ಡಿಗ್ರಿ ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಪರೀಕ್ಷೆಗೆಂದು ನವರಾತ್ರಿಗೆ ಮೊದಲೇ ದೊಡ್ಡಮ್ಮನನ್ನು ಕರೆಸಿ, ಕಿಟಕಿಯ ಪಕ್ಕ ಕೂರಿಸಿ ಫೋಟೊ ತೆಗೆದೆ. ಪ್ರಿಂಟಿನಲ್ಲಿ ಒಂದೊಂದು ಸುಕ್ಕೂ ಇತ್ತು, ಗಲ್ಲದ ಕಲೆಯಿತ್ತು, ಸೆರಗಿನ ಎಳೆಯೂ ಇತ್ತು. ಅದು ಬಂದ ದಿನ ಮತ್ತೆ ಬಂದ ದೊಡ್ಡಮ್ಮ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಮ್ಮ. ಎಲ್ಲಾ ಕಾಣ್ಸುತ್ತೆ," ಎಂದು ಪ್ರಿಂಟನ್ನು ಬೋರಲು ಹಾಕಿ ಇಡ್ಲಿ ತಟ್ಟೆಯ ಪಕ್ಕದಲ್ಲಿಟ್ಟರು. ಮನೆಗೆ ಹೋಗುವಾಗ ಕ್ಯಾಮೆರಾವನ್ನು ಮಾತ್ರ ತೆಗೆದುಕೊಂಡು ಹೋದರು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಗೋಡೆಯ ಮೇಲಿನ ಅಷ್ಟೂ ಬೆಳಕು ವಿಭೂತಿಯದು. ಮಸುಕು ಗಾಜಿನಲ್ಲಿ ಬೆಳಕು ಚದುರುವುದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತೋರಿಸುವ ನನಗೆ, ಅದು ಹೊಳೆದದ್ದು ಆ ಬೋರಲು ಬಿದ್ದ ಪ್ರಿಂಟನ್ನು ನೋಡಿದಾಗ. ಈಗ ಅವರಿಗೆ ಹೇಳುವುದು ಹೇಗೆ? ಗಂಡನ ಕೈಗುಣ ಎಂದು ಅವರು ಇಷ್ಟು ವರ್ಷ ಕಾಪಾಡಿಕೊಂಡದ್ದು ಸರಿಯಾಗಿ ಒರೆಸದ ಬೂದಿ ಎಂದೇ? ನನಗೆ ನಿಜವಾಗಿ ಹೆದರಿಕೆಯಾಯಿತು. ಬಾಯಿ ಮುಚ್ಚಿಕೊಂಡಿದ್ದೆ.

ಆಯುಧಪೂಜೆಯ ದಿನ ದಟ್ಟಗಳ್ಳಿಗೆ ಹೋದೆ. ಮಣೆಯ ಮೇಲೆ ಸೇವಂತಿಗೆ ಮುಡಿದುಕೊಂಡು ಕ್ಯಾಮೆರಾ ಕೂತಿತ್ತು. ದೊಡ್ಡಮ್ಮ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಲ್ಲಿ ತೆಗೆದು, ನಾನು ಭಾನುವಾರವಿಡೀ ತೊಳೆದ ಗಾಜಿನ ಮೇಲೆ ನಿಧಾನವಾಗಿ ಎಳೆದರು. ಮಂಗಳಾರತಿಯಾದ ಮೇಲೆ ಅವರು ಸೆರಗಿನ ತುದಿಯಿಂದ ಗಾಜನ್ನು ಒಂದು ಸುತ್ತು ಸವರಿದರು.

"ಕೊಡಿ ದೊಡ್ಡಮ್ಮ, ನಾನು ಪೂರ್ತಿ ಒರೆಸ್ತೀನಿ," ಎಂದು ಕೈ ಚಾಚಿದೆ.

ಅವರು ಕ್ಯಾಮೆರಾವನ್ನು ಎದೆಗೆ ಎಳೆದುಕೊಂಡರು. "ಪೂರ್ತಿ ಒರೆಸ್ಬ್ಯಾಡ ಕಣೆ. ಪೂರ್ತಿ ಒರೆಸ್ಬುಟ್ರೆ ನೀನು ನಿನ್ನಂಗೇ ಬಂದ್ಬುಡ್ತೀಯ ಅಂತಿದ್ರು, ನಿಮ್ ದೊಡ್ಡಪ್ಪ."

"ಗೊತ್ತಿತ್ತಾ ನಿಮಗೆ? ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಪಾಪ, ನೀನು ಅಷ್ಟು ಕಷ್ಟಪಟ್ಟು ತೊಳೆದಿದ್ದೆ. ಎಂಗೆ ಹೇಳ್ಲಿ?"

ಅವರನ್ನು ಉಳಿಸಲು ನಾನು ಸುಮ್ಮನಿದ್ದೆ, ನನ್ನನ್ನು ಉಳಿಸಲು ಅವರು. ಕ್ಯಾಮೆರಾ ತೆಗೆದುಕೊಂಡು, ಅವರು ಸರಿಮಾಡಲು ಹೇಳಿದ್ದ ಆ ಒಂದು ರಿಂಗನ್ನು ತಿರುಗಿಸಿದೆ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಲೆನ್ಸನ್ನೇ ನೋಡುತ್ತ, ನಾಚಿಕೊಂಡು ನಕ್ಕರು. ಆ ನಗು ನನಗಲ್ಲವೆಂದು ಗೊತ್ತಿದ್ದೇ ಬಟನ್ ಒತ್ತಿದೆ.