ಗೋಡೆ ಸರಿಸುವ ಮುಂಚೆ

ಈಚೆಗೆ ಒಂದು ಬೆಳಿಗ್ಗೆ ಕೆರೆಬಿಳಚಿಯ ಹಾಲಿನ ಕೇಂದ್ರದಲ್ಲಿ ಕಂಪ್ಯೂಟರ್ ಲೆಕ್ಕ ಬರೆದುಕೊಳ್ಳುವುದನ್ನು ನಿಲ್ಲಿಸಿತು. ಲೆಕ್ಕಕ್ಕೆ ಏರದ ಹಾಲನ್ನು ತಂಪಿನ ಟ್ಯಾಂಕಿಗೆ ಸುರಿಯುವಂತಿಲ್ಲ. ನನ್ನ ಕ್ಯಾನು ಬಿಸಿಲಿಗೆ ಕೂತಿತ್ತು. ಚನ್ನಗಿರಿಯಿಂದ ರಿಪೇರಿಯವಳು ಬಂದು ನೋಡಿದಳು.

"ಡಿಸ್ಕಿನಾಗೆ ಜಾಗ ತುಂಬೈತ್ರೀ."

"ಹಳೇ ಲೆಕ್ಕ ಅಳಿಸಿಬಿಡವ್ವ," ಎಂದ ಕಾರ್ಯದರ್ಶಿ.

"ಅಳಿಸೋದ್ಯಾಕ್ರೀ? ಒಂದೇ ಡಿಸ್ಕಿನಾಗೆ ನಡುವೆ ಗೋಡೆ ಹಾಕಿದಂಗೆ ಎರಡು ಪಾಲು ಐತೆ. ನಿಮ್ಮ ಕಾವಲು ಕ್ಯಾಮೆರಾದ ಚಿತ್ರ ಇಡೋ ಪಾಲು ಅರ್ಧ ಖಾಲಿ. ಅದನ್ನ ಲೆಕ್ಕದ ಪಾಲಿಗೆ ಕೊಡ್ತೀನಿ."

"ಹಂಗಾದ್ರೆ ಲಗೂನ ಗೋಡೆ ಸರಿಸು, ಹಾಲು ಒಡೀತೈತೆ," ಎಂದು ನಾನು ಗದರಿದೆ.

"ತಡೀರಿ ಅಜ್ಜಿ. ಕೊಟ್ಟಿಗೆ ಗೋಡೆ ಸರಿಸಾಕೆ ಮುಂಚೆ ದನ ಈಚೆ ಕಟ್ಟಲ್ವೇನು?"

ಕ್ಯಾಮೆರಾ ನಿಲ್ಲಿಸಿ, ಅದರ ಚಿತ್ರಗಳ ಪ್ರತಿಯನ್ನು ಬೇರೆಡೆ ಇಟ್ಟಳು. ಆಮೇಲೆ ಚಿತ್ರಗಳನ್ನು ಒತ್ತೊತ್ತಾಗಿ ಒಂದು ಕಡೆ ಸೇರಿಸಿದಳು. ಅಷ್ಟಾದ ಮೇಲೆಯೇ ಆ ಪಾಲನ್ನು ಕಿರಿದು ಮಾಡಿ, ಉಳಿದ ಜಾಗವನ್ನು ಲೆಕ್ಕಕ್ಕೆ ಕೊಟ್ಟಳು. ಎಲ್ಲರೂ ಸುತ್ತ ನಿಂತು ಅವಸರ ಮಾಡಿದರೂ ಅವಳು ಒಂದು ಹೆಜ್ಜೆಯನ್ನೂ ಬಿಡಲಿಲ್ಲ.

ಲೆಕ್ಕ ಮತ್ತೆ ಓಡಿತು. ಊರಿನವರ ಹಳೆಯ ಲೆಕ್ಕವಾಗಲಿ ಕ್ಯಾಮೆರಾದ ಚಿತ್ರವಾಗಲಿ ಒಂದೂ ಕಳೆಯಲಿಲ್ಲ. ನನ್ನ ಹಾಲು ಮಾತ್ರ ಒಡೆದಿತ್ತು, ಮನೆಗೆ ಹೊತ್ತು ತಂದೆ. ಹಾಲನ್ನು ಸಂಜೆ ಮತ್ತೆ ಕರೆಯಬಹುದು, ಅಳಿಸಿಹೋದ ಲೆಕ್ಕವನ್ನಾಗಲಿ ಚಿತ್ರವನ್ನಾಗಲಿ ಯಾವ ಎಮ್ಮೆಯೂ ಕೊಡುವುದಿಲ್ಲ. ಅವಳು ಮಾಡಿದ್ದೇ ಸರಿ.