ಬೇಕಾಗಿದ್ದು ಐದು ನಡಿಗೆ

ಬೆಳಗಿನ ಆರೂವರೆ. ಪಶು ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಹಗ್ಗದಕ್ಕ ರಬ್ಬರ್ ಹಾಸನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ನಿನ್ನೆಯ ನಾಯಿಯ ವಾಸನೆ ಉಳಿದರೆ ಇವತ್ತಿನದು ಮೂಸುತ್ತಾ ನಡೆಯುತ್ತದೆ. ತಲೆ ತಗ್ಗಿದರೆ ಮೈಭಾರ ಮುಂದಕ್ಕೆ ವಾಲಿ ಲೆಕ್ಕ ಕೆಡುತ್ತದೆ. ಹಾಸಿನ ಕೆಳಗೆ ಪ್ರತಿ ಹೆಜ್ಜೆಯ ಭಾರ ಅಳೆಯುವ ಫಲಕಗಳಿವೆ. ಕುಂಟುವ ನಾಯಿಗಳನ್ನು ಹಗ್ಗ ಹಿಡಿದು ಅದರ ಮೇಲೆ ಒಂದೇ ವೇಗದಲ್ಲಿ ನಡೆಸುವುದು ಅವರ ಕೆಲಸ; ಹೆಸರು ಬಂದದ್ದೂ ಅದರಿಂದಲೇ. ಹತ್ತೊಂಬತ್ತು ವರ್ಷಗಳಾದವು.

ಇದೂ ಒಂದು ಕೆಲಸವೇ ಎಂದು ಕೇಳಿದವರುಂಟು. ಆದರೆ ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತು ಕಿಲೋ ತೂಗುವ ಗಟ್ಟಿಮುಟ್ಟಾದ ನಾಯಿ ಸುಮಾರು ಹದಿನೆಂಟು ಕಿಲೋವನ್ನು ಮುಂಗಾಲುಗಳ ಮೇಲೂ ಹನ್ನೆರಡನ್ನು ಹಿಂಗಾಲುಗಳ ಮೇಲೂ ಹೊರುತ್ತದೆ. ಒಂದು ಕಾಲು ನೋಯತೊಡಗಿದರೆ ಅದರ ಪಾಲನ್ನು ಸದ್ದಿಲ್ಲದೆ ಉಳಿದ ಮೂರಕ್ಕೆ ದಾಟಿಸಿಬಿಡುತ್ತದೆ.

"ಮುಂಗಾಲು ನೋಯ್ತಿದ್ರೆ ಅದನ್ನ ಊರಿದಾಗ ತಲೆ ಎತ್ತತ್ತೆ, ಒಳ್ಳೆ ಕಾಲು ಊರಿದಾಗ ತಗ್ಗಿಸತ್ತೆ. ಮನೆಯವ್ರು ಅದನ್ನ ನೋಡಿ, ನಮ್ಮದು ಹೂಂ ಹೂಂ ಅಂತ ತಲೆಯಾಡಿಸತ್ತೆ, ಎಷ್ಟು ಜಾಣ ನೋಡಿ ಅಂತಾರೆ," ಎನ್ನುತ್ತಾರೆ ಹಗ್ಗದಕ್ಕ.

ದಿನಕ್ಕೆ ಆರು ನಾಯಿ. ಒಂದೊಂದರಿಂದಲೂ ಯಂತ್ರ ಒಪ್ಪುವಂಥ ಐದು ನಡಿಗೆ ಬೇಕು. ವೇಗ ಹೆಚ್ಚುಕಡಿಮೆಯಾದರೆ, ಹಗ್ಗ ಜಗ್ಗಿದರೆ, ನಾಯಿ ಮುಖ ತಿರುಗಿಸಿದರೆ ಪರದೆಯ ಮೇಲೆ ಕೆಂಪು ಗೆರೆ. ಮೊದಲೆಲ್ಲ ಏಳು ಸಲ ನಡೆಸಿದರೆ ಐದು ಸಿಗುತ್ತಿದ್ದವು. ಈಗ ಒಮ್ಮೊಮ್ಮೆ ಹದಿನೈದಾದರೂ ಸಿಗುವುದಿಲ್ಲ.

ಕಾರಣ ಅವರ ಬಲ ಮಂಡಿ. ಸವೆದುಹೋಗಿದೆ. ಮೂರನೆಯ ಸುತ್ತಿನ ಹೊತ್ತಿಗೆ ಹೆಜ್ಜೆ ಅರೆಕ್ಷಣ ತಡೆಯುತ್ತದೆ, ಹಗ್ಗ ಬಿಗಿಯಾಗುತ್ತದೆ, ಏನಾಯಿತೆಂದು ನಾಯಿ ಮುಖವೆತ್ತಿ ನೋಡುತ್ತದೆ. ಹೇಳಿದರೆ ಹಗ್ಗ ಬೇರೆಯವರ ಕೈಗೆ ಹೋಗುತ್ತದೆಂದು ಆಸ್ಪತ್ರೆಯಲ್ಲಿ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಡುವ ಅವರ ಸ್ವಂತ ಅಕ್ಕ ಬಿಡುವವರಲ್ಲ: "ಬೀದಿ ಆ ತುದೀಲಿ ನಾಯಿ ಕುಂಟಿದ್ರೆ ನಿಂಗೆ ಗೊತ್ತಾಗತ್ತೆ. ನಿನ್ನ ಕಾಲು ಮಾತ್ರ ಕಣ್ಣಿಗೆ ಬೀಳಲ್ಲ ಅಲ್ವೇನೇ?"

ಇವತ್ತಿನ ಮೊದಲ ನಾಯಿ ಒಬ್ಬ ದರ್ಜಿಯದು. ಕಂದು ಬಣ್ಣ, ಎಂಟು ವರ್ಷ. ಎಡ ಹಿಂಗಾಲಿನ ಮೂಳೆಯಲ್ಲಿ ಗಡ್ಡೆ, ಕಾಲು ತೆಗೆಯಬೇಕು. ಬಲ ಹಿಂಗಾಲು ಭಾರ ಹೊರುವಂತಿದ್ದರೆ ಮೂರು ಕಾಲಲ್ಲಿ ಬದುಕುತ್ತದೆ. ಅದೂ ಸೋತಿದ್ದರೆ ಉಳಿದಿರುವುದು ಶಾಶ್ವತವಾಗಿ ಮಲಗಿಸುವ ಒಂದು ಸೂಜಿ. ದರ್ಜಿ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಾರೆ.

ಮೊದಲೆರಡು ನಡಿಗೆ ಸರಿ. ಮೂರನೆಯದು ಕೆಂಪು, ನಾಲ್ಕನೆಯದೂ ಕೆಂಪು. ಹನ್ನೆರಡಾದರೂ ಲೆಕ್ಕ ಎರಡರಲ್ಲೇ ನಿಂತಿದೆ. ನಾಯಿಯ ತೊಡೆ ನಡುಗುತ್ತಿದೆ. ಹದಿಮೂರನೆಯದನ್ನೂ ಮುಗಿಸಿ, ಹಾಸಿನ ತುದಿಯಲ್ಲಿ ಅದು ಕುಸಿದು ಕೂರುತ್ತದೆ. ಪರದೆಯ ಮೇಲೆ ಮತ್ತೆ ಕೆಂಪು.

ಪರದೆಯ ಮುಂದಿರುವ ಡಾಕ್ಟರಮ್ಮ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯತೊಡಗುತ್ತಾರೆ. ನಾಯಿ ಸರಿಯಾಗಿ ನಡೆಯಲಿಲ್ಲ, ಬಲ ಹಿಂಗಾಲೂ ದುರ್ಬಲವಿರಬಹುದು.

"ಹಾಗಾದ್ರೆ ಆಪರೇಷನ್ ಆಗೋದಿಲ್ವಾ ಡಾಕ್ಟ್ರೇ?" ದರ್ಜಿ ಕೇಳುತ್ತಾರೆ.

ಆಗ ಹಗ್ಗದಕ್ಕ ಹೇಳಿಬಿಡುತ್ತಾರೆ. ಮಂಡಿಯ ವಿಷಯ, ತಡೆಯುವ ಹೆಜ್ಜೆಯ ವಿಷಯ, ನಾಯಿ ತನ್ನನ್ನು ನೋಡುವ ವಿಷಯ. ಡಾಕ್ಟರಮ್ಮ ಬೈಯುವುದಿಲ್ಲ. ಎಷ್ಟು ದಿನದಿಂದ ಎಂದಷ್ಟೇ ಕೇಳುತ್ತಾರೆ. ಎಂಟು ತಿಂಗಳು. ಡಾಕ್ಟರಮ್ಮ ಆ ಅವಧಿಯ ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡುತ್ತಾರೆ. ಸರಿಯಾಗಿ ನಡೆಯಲಿಲ್ಲ ಎಂದು ಬರೆದ ನಾಯಿಗಳು ಹದಿನೇಳು. ಅವುಗಳಲ್ಲಿ ಒಂಬತ್ತು ಈಗ ಇಲ್ಲ.

ನಾಳೆ ಬೇರೆಯವರಿಂದ ನಡೆಸಿ ನೋಡೋಣ ಎನ್ನುತ್ತಾರೆ ಡಾಕ್ಟರಮ್ಮ. ನಾಳೆ ಅದಕ್ಕೆ ಏಳುವ ಶಕ್ತಿ ಇರುತ್ತದೆಯೇ, ಹೇಳುವವರಿಲ್ಲ. ಹಗ್ಗದಕ್ಕ ನಾಯಿಯ ಪಕ್ಕ ನೆಲಕ್ಕೆ ಕೂರುತ್ತಾರೆ. ಕೂರುವುದಕ್ಕೂ ಗೋಡೆ ಹಿಡಿಯಬೇಕು. ಅವರು ಕೇಳಿಕೊಳ್ಳುವುದು ಒಂದೇ.

"ಇದು ಹದಿಮೂರು ಸಲ ನಡೀತು ಮೇಡಂ. ಸರಿಯಾಗೇ ನಡೀತು. ನಡೆಸೋಕಾಗದೆ ಇದ್ದದ್ದು ನಂಗೆ. ಹಾಗಂತ ಬರೀರಿ. ಆ ಹದಿನೇಳರ ಹಾಳೇಲೂ ಬರೀರಿ."