ಜಯಮ್ಮನ ಸಾಮಾನು ಕೋಣೆಯಲ್ಲಿ ನಮ್ಮ ರಾಗಿ ಬಿಯರು

ಮೊದಲ ಬಾಟಲಿ ಸಿಡಿದಾಗ ಜಯಮ್ಮ ಆ ಕೋಣೆಯ ಒಳಗೇ ಇದ್ದರು.

ನಾವು ಮೂವರು ಹೊರಗೆ ಜಗಲಿಯ ಮೇಲೆ ಕೂತಿದ್ದೆವು. ನಾನು, ಜಯಮ್ಮನ ಗಂಡ ನಂಜಪ್ಪ, ಹಾಸನದಿಂದ ಬಂದಿದ್ದ ರವಿ ಮೇಷ್ಟ್ರು. ಪಟಾಕಿ ಹೊಡೆದಂಥ ಸದ್ದು. ಹಿಂದೆಯೇ ಗಾಜು ಗೋಡೆಗೆ ಬಡಿದು ಉದುರಿದ ಸದ್ದು. ಜಯಮ್ಮನ ಒಂದು ಕೂಗು.

ಆಮೇಲೆ ಏನೂ ಇಲ್ಲ...

ಹೊಳೆನರಸೀಪುರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನನ್ನಂಥ ಮುದುಕನಿಗೂ ಬಿಯರಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ ಮೂವರಿಗೂ ಅದೇ ಹುಚ್ಚು. ತಿಂಗಳಿಗೊಮ್ಮೆ ಸೇರುತ್ತೇವೆ. ಯಾರಾದರೊಬ್ಬರು ಎಲ್ಲಿಂದಲೋ ಹೊಸ ಬಗೆಯ ಬಿಯರು ತರುತ್ತಾರೆ.

ಕುಡಿದು ಸುಮ್ಮನೆ "ಸೂಪರ್" ಅನ್ನುವ ಹಾಗಿಲ್ಲ. ಸೀದ ರೊಟ್ಟಿಯ ವಾಸನೆಯೋ, ಕಿತ್ತಳೆ ಸಿಪ್ಪೆಯ ಕಹಿಯೋ, ಬಿಡಿಸಿ ಹೇಳಬೇಕು. ಹೇಳದವನಿಗೆ ಎರಡನೇ ಲೋಟ ಇಲ್ಲ.

ಕೊಂಡು ಕುಡಿದು ಸಾಕಾಗಿ, ಮೊಳಕೆ ಕಟ್ಟಿದ ರಾಗಿಯಲ್ಲಿ ನಾವೇ ಮಾಡಿದೆವು. ಮನೆಯಲ್ಲಿ ಮಾಡುವುದು ತಪ್ಪು ಅಂತ ಕಾನೂನು ಹೇಳುವವರು ಮೊದಲು ಪೂರ್ತಿ ಓದಿ, ಆಮೇಲೆ ಬೈಯಿರಿ.

ತುಂಬಿದ ಬಾಟಲಿಗಳನ್ನು ಕ್ರೇಟುಗಳಲ್ಲಿಟ್ಟು, ನಂಜಪ್ಪನ ಸಾಮಾನು ಕೋಣೆಯ ಬಾಗಿಲ ಪಕ್ಕದಲ್ಲೇ ಪೇರಿಸಿದ್ದೆವು. ಶೀಟಿನ ಮಾಡು, ಬೇಸಿಗೆಯ ಮಧ್ಯಾಹ್ನ. ಇರುವುದು ಒಂದೇ ಬಾಗಿಲು.

"ಜಯಾ, ಏಟಾಯ್ತೇನೆ?" ನಂಜಪ್ಪ ಜಗಲಿಯಿಂದಲೇ ಕೂಗಿದ.

"ಏನೂ ಆಗಿಲ್ಲ. ಅಕ್ಕಿ ಡ್ರಮ್ಮಿನಿಂದೆ ಕೂತಿವ್ನಿ. ಅದೇನ್ ತಂದು ಮಡಗಿದೀರಿ ನನ್ ಮನೇಲಿ?"

ಉಸಿರು ಬಂತು. ಆದರೆ ಅವರು ಹೊರಗೆ ಬರಬೇಕಾದರೆ ಆ ಕ್ರೇಟುಗಳನ್ನು ಸವರಿಕೊಂಡೇ ಬರಬೇಕು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಬೆಲ್ಲ ಜಾಸ್ತಿ ಆಗಿದೆ ಯಜಮಾನ್ರೇ. ಇಲ್ಲದೆ ಹೋದ್ರೆ ಹೀಗೆ ಒಡೆಯಲ್ಲ."

ಬಾಟಲಿಗೆ ತುಂಬುವಾಗ ಬಿಯರಿಗೆ ಚೂರು ಬೆಲ್ಲದ ನೀರು ಸೇರಿಸಿ ಮುಚ್ಚಳ ಬಿಗಿಯಬೇಕು. ಒಳಗೆ ಗ್ಯಾಸು ಹುಟ್ಟುವುದು, ನೊರೆ ಬರುವುದು ಅದರಿಂದಲೇ. ಹಿಂದಿನ ಸಲ ಒಂದೊಂದು ಬಾಟಲಿಗೂ ಚಮಚದಲ್ಲಿ ಹಾಕಿದ್ದೆವು. ಈ ಸಲ ಮೇಷ್ಟ್ರು ಸುಲಭವಾಗಲಿ ಅಂತ ಮೊದಲೇ ಬಿಯರಿದ್ದ ಇಡೀ ಡ್ರಮ್ಮಿಗೆ ಕಲಸಿ, ಮುಚ್ಚಳ ತರಲು ಪೇಟೆಗೆ ಹೋಗಿದ್ದರು.

ಯಾರಿಗೂ ಹೇಳಿರಲಿಲ್ಲ!

"ಅಯ್ಯೋ, ನಾನೂ ಆಕ್ಬುಟ್ನಲ್ಲ ಮೇಷ್ಟ್ರೇ, ಬಾಟ್ಲಿ ಬಾಟ್ಲಿಗೂ," ಅಂದ ನಂಜಪ್ಪ.

ಅವನ ಕೈಯೋ, ಪಾಯಸ ಬಡಿಸುವ ಕೈ. ಚಮಚ ತುಂಬಿ ಚೆಲ್ಲದಿದ್ದರೆ ಅವನಿಗೆ ಸಮಾಧಾನವಿಲ್ಲ. ನನಗೆ ಇಬ್ಬರ ಕಪಾಳಕ್ಕೂ ಬಾರಿಸುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಎರಡನೆಯದು ಸಿಡಿಯಿತು. ಒಂದು ಗಾಜಿನ ಚೂರು ಬಾಗಿಲಿಂದ ಹಾರಿ ಬಂದು ಜಗಲಿಯ ಕಂಬಕ್ಕೆ ಬಡಿಯಿತು.

"ನಾನ್ ಬಂದ್ಬುಡ್ತೀನಿ ಕಣ್ರೀ, ಒಳ್ಗೆ ಬೇಯ್ತಾ ಅದೆ," ಅಂತ ಜಯಮ್ಮ.

"ಅಲ್ಲಾಡ್ಬ್ಯಾಡ ಕಣವ್ವ! ತಲೆ ಎತ್ತೀಯಾ ಜೋಕೆ!" ನಾನು ಕಿರುಚಿದೆ. ಆ ಹೆಣ್ಣುಮಗಳನ್ನು ನಾನು ಯಾವತ್ತೂ ಗದರಿಸಿದವನಲ್ಲ.

ನಂಜಪ್ಪ ಒಳಗೆ ನುಗ್ಗಲು ಹೊರಟ. ಕಾಲರ್ ಹಿಡಿದು ಎಳೆದೆ. "ಲೇ, ಕಣ್ಣು ಕಳ್ಕೊಂಡು ಎಲ್ಲಿಗ್ಲಾ ಓಯ್ತೀಯ? ನಡುಮನೆ ಹಾಸಿಗೆ ಎತ್ಕೊಂಡ್ ಬಾ!"

ದಪ್ಪ ಹತ್ತಿಯ ಹಾಸಿಗೆ. ಮೇಷ್ಟ್ರು ತೊಟ್ಟಿಯಿಂದ ನೀರು ತಂದು ಸುರಿದರು. ನೆನೆದ ಹಾಸಿಗೆ ಎಮ್ಮೆಯಷ್ಟು ಭಾರ. ಮುಖಕ್ಕೆ ಇರಲಿ ಅಂತ ಬೈಕಿನ ಹೆಲ್ಮೆಟ್ ಹಾಕಿಕೊಂಡೆ, ನಂಜಪ್ಪ ಮೇಷ್ಟ್ರದನ್ನು ಹಾಕಿಕೊಂಡ.

ಇಬ್ಬರೂ ಹಾಸಿಗೆಯನ್ನು ಗೋಡೆಯಂತೆ ನಿಲ್ಲಿಸಿ ಹಿಡಿದು, ಅದನ್ನು ಕ್ರೇಟುಗಳ ಕಡೆಗೆ ಒತ್ತಿಕೊಂಡು ಒಳಗೆ ಹೋಗುತ್ತೇವೆ. ಕಾಲಡಿಯಲ್ಲಿ ಗಾಜು ಕರಕರ ಅನ್ನುತ್ತದೆ. ಹುಳಿ ಹುಳಿ ವಾಸನೆ, ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರಿನ ಸದ್ದು.

"ಈಗ ಬಾ ತಾಯಿ, ನಮ್ ಬೆನ್ನಿಂದೆ. ಬಗ್ಗಿಕೊಂಡು ಬಾ..."

ಜಯಮ್ಮ ಡ್ರಮ್ಮಿನ ಮರೆಯಿಂದ ಎದ್ದರು. ನಮ್ಮ ಬೆನ್ನಿಗೂ ಗೋಡೆಗೂ ನಡುವೆ ನುಸುಳುತ್ತಿದ್ದಾರೆ. ಆಗಲೇ ಮೂರನೆಯದು ಸಿಡಿಯಬೇಕೆ! ಹಾಸಿಗೆಗೆ ಯಾರೋ ಗುದ್ದಿದಂತಾಯಿತು, ಎದೆಯವರೆಗೆ ಅದುರು. ನಂಜಪ್ಪ ಕಣ್ಣು ಮುಚ್ಚಿಕೊಂಡ, ಆದರೆ ಕೈ ಬಿಡಲಿಲ್ಲ. ಅದೊಂದು ಮಾತು ಅವನ ಪರವಾಗಿ ಹೇಳಲೇಬೇಕು.

ಜಯಮ್ಮ ಹೊಸ್ತಿಲು ದಾಟಿದ ಮೇಲೆ ಹಾಸಿಗೆಯನ್ನು ಹಾಗೆಯೇ ಕ್ರೇಟುಗಳ ಮೇಲೆ ಕೆಡವಿ ಇಬ್ಬರೂ ಈಚೆಗೆ ಓಡಿಬಂದೆವು.

ಜಯಮ್ಮ ಅಳುತ್ತಾರೆ ಅಂದುಕೊಂಡಿದ್ದೆ. ಸೆರಗಿನ ಗಂಟು ಬಿಚ್ಚಿ ಹುಣಸೆಹಣ್ಣು ತೆಗೆದರು. ಒಳಗೆ ಹೋಗಿದ್ದು ಅದಕ್ಕೇ.

"ಸಾರಿಗೆ ಉಳಿ ತರಾಕೆ ಓದೋಳ್ನ ಸಾಯಿಸ್ತಿದ್ರಲ್ಲಣ್ಣ! ಇವರಿಗಂತೂ ಬುದ್ಧಿ ಇಲ್ಲ, ನಿಮ್ಗೂ ಇಲ್ವಾ? ಮೇಷ್ಟ್ರೇ, ಇಸ್ಕೂಲಲ್ಲಿ ಮಕ್ಕಳಿಗೂ ಇದ್ನೇ ಏಳ್ಕೊಡೋದಾ?"

ಮೂವರೂ ತಲೆ ತಗ್ಗಿಸಿ ನಿಂತೆವು. ಬೈಯುವ ಭರದಲ್ಲಿ ಅವರ ಕೈ ಜಾರಿ ಹುಣಸೆಹಣ್ಣು ನೆಲಕ್ಕೆ ಬಿತ್ತು. ನಂಜಪ್ಪ ಬಗ್ಗಿ ಎತ್ತಿಕೊಟ್ಟ. ಇಸಿದುಕೊಂಡು ಅಡುಗೆಮನೆಗೆ ಹೋದರು.

ಮಾರನೇ ದಿನ ಬೆಳಗಿನ ತಂಪಿನಲ್ಲಿ, ಹೆಲ್ಮೆಟ್, ದಪ್ಪ ಗ್ಲೌಸು ಹಾಕಿಕೊಂಡು, ಗೋಣಿಚೀಲ ಸುತ್ತಿ ಒಂದೊಂದೇ ಬಾಟಲಿ ತೆರೆದೆವು. ನೊರೆ ಮಾಡಿಗೆ ಹಾರುತ್ತಿತ್ತು. ಹಾಸಿಗೆ ಬಿಚ್ಚಿದರೆ ಹತ್ತಿಯ ನಡುವೆ ಬೆರಳುದ್ದದ ಗಾಜು. ನಂಜಪ್ಪ ಅದನ್ನು ತೆಗೆದು ತನ್ನ ಬೆರಳಿನ ಪಕ್ಕ ಇಟ್ಟು ನೋಡಿದ. ನನ್ನ ಸಿಟ್ಟೂ ಅಲ್ಲಿಗೆ ಇಳಿಯಿತು.

ಇನ್ನು ಮನೆಯಲ್ಲಿ ಬಿಯರು ಮಾಡುವುದಿಲ್ಲ ಅಂತ ಮೂವರೂ ಜಯಮ್ಮನ ಎದುರಿಗೇ ಮಾತು ಕೊಟ್ಟಿದ್ದೇವೆ. ನಾನಂತೂ ತಪ್ಪುವವನಲ್ಲ.

ಆದರೆ ಕೊನೆಯ ಬಾಟಲಿಯ ತಳದಲ್ಲಿ ಮೂವರಿಗೂ ಒಂದೊಂದು ಗುಟುಕು ಉಳಿದಿತ್ತು. ಹುರಿದ ರಾಗಿಯ ಘಮ, ನಾಲಿಗೆಯ ತುದಿಗೆ ಸಣ್ಣ ಹುಳಿ, ಇಳಿದ ಮೇಲೆ ಬೆಲ್ಲದ ನೆನಪು... ಇಷ್ಟು ವರ್ಷ ಕುಡಿದ ಯಾವ ಬಿಯರೂ ಹಾಗಿರಲಿಲ್ಲ.

"ಅಷ್ಟೆಲ್ಲಾ ಮಾಡಿದ್ರಲ್ಲ, ರುಚಿಯಾದ್ರೂ ಇತ್ತಾ?" ಅಂತ ಜಯಮ್ಮ ನಿನ್ನೆ ಕೇಳಿದರು. ಮೂವರೂ "ಥೂ, ಕೆಟ್ಟೋಗಿತ್ತು" ಅಂದೆವು... ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?